ಸತ್ಯವೇದ (ಬೈಬಲ್) ಓದಲು ಶುರು ಮಾಡಿ ಪ್ರತಿ ವರ್ಷ ಅದರ ಮೂರನೇ ಪುಸ್ತಕ ಯಾಜಕಕಾಂಡದಲ್ಲೇ ನಿಂತುಬಿಡುತ್ತೇನೆ. ನಿಮ್ಮದೂ ಇದೇ ಕಥೆನಾ?

ಬೆಟಗೇರಿ ಮೊಮ್ಮಗ
ಜನವರಿ 5

ಎಲ್ಲರಿಗೂ ವಂದನೆಗಳು. ಒಂದು ವಿಷಯ ಕೇಳಬೇಕಿತ್ತು, ನಗಬೇಡಿ.

ಡಿಸೆಂಬರ್ 31ರ ರಾತ್ರಿ ಆರಾಧನೆಗೆ ಹೋಗಿದ್ದೆ. ಹನ್ನೆರಡಕ್ಕೆ ಐದು ನಿಮಿಷ ಇರುವಾಗ ಎಲ್ಲರೂ ಮೊಣಕಾಲೂರಿದೆವು. ಗಂಟೆ ಹೊಡೆಯಿತು. ಹೊಸ ವರ್ಷಕ್ಕೆ ಒಂದು ವಚನ ಬರೆದಿಟ್ಟ ವಾಗ್ದಾನದ ಚೀಟಿ ಎತ್ತಿಕೊಂಡೆ. ಈ ವರ್ಷ ದಿನಾ ಬೆಳಗ್ಗೆ ಐದಕ್ಕೆ ಏಳುತ್ತೇನೆ, ಸತ್ಯವೇದ ಪೂರ್ತಿ ಓದಿ ಮುಗಿಸುತ್ತೇನೆ ಅಂತ ಮನಸ್ಸಲ್ಲೇ ಹೇಳಿಕೊಂಡೆ. ಹೋದ ವರ್ಷವೂ ಇದನ್ನೇ ಹೇಳಿದ್ದೆ. ಅದರ ಹಿಂದಿನ ವರ್ಷವೂ.

ಮನೆಗೆ ಬಂದವನು ಸುಮ್ನೆ ನನ್ನ ಸತ್ಯವೇದವನ್ನು ಮುಚ್ಚಿ ಪಕ್ಕದಿಂದ ನೋಡಿದೆ. ಹಾಳೆಗಳ ಅಂಚು ಇರುತ್ತಲ್ಲ, ಅದನ್ನು. ಶುರುವಿನ ಒಂದಿಷ್ಟು ಹಾಳೆ ಬೆರಳು ತಾಗಿ ತಾಗಿ ಮಾಸಿವೆ. ಆಮೇಲೆ ಅಂಗಡಿಯಿಂದ ಈಗಷ್ಟೇ ತಂದ ಹಾಗೆ ಬೆಳ್ಳಗೆ. ನಡುವೆ ಕೀರ್ತನೆಗಳ ಹತ್ತಿರ ಒಂದು ಮಾಸಿದ ಪಟ್ಟೆ, ಕೊನೆಯಲ್ಲಿ ಸುವಾರ್ತೆಗಳ ಹತ್ತಿರ ಇನ್ನೊಂದು. ಹತ್ತು ವರ್ಷದ ನನ್ನ ಭಕ್ತಿ ಎಲ್ಲಾ ಆ ಅಂಚಿನಲ್ಲೇ ಕಾಣುತ್ತಿತ್ತು.

ಲೆಕ್ಕ ಹಾಕಿದರೆ ದೊಡ್ಡ ಕೆಲಸ ಏನಲ್ಲ. ಒಟ್ಟು 1,189 ಅಧ್ಯಾಯ. ದಿನಕ್ಕೆ ಮೂರು ಚಿಲ್ಲರೆ. ಮೊದಲೆರಡು ಪುಸ್ತಕಗಳಲ್ಲಿ ಆದಿಕಾಂಡ 50, ವಿಮೋಚನಕಾಂಡ 40. ಜನವರಿ 30ಕ್ಕೆ ಎರಡೂ ಮುಗಿಯುತ್ತವೆ. 31ಕ್ಕೆ ಯಾಜಕಕಾಂಡ. ಹೋಮದ ಕೊಬ್ಬು, ಮೂತ್ರಪಿಂಡ, ಚರ್ಮದ ರೋಗ, ಗೋಡೆಗೆ ಹಿಡಿದ ಬೂಷ್ಟು. ಫೆಬ್ರವರಿ ಮೊದಲ ವಾರಕ್ಕೆ ನನ್ನ ಗಾಡಿ ಬಂದ್.

ಮೊಬೈಲ್ ಆ್ಯಪ್ ಕೂಡ ನೋಡಿದೆ. ದಿನ ತಪ್ಪದೆ ಓದಿದರೆ ಬೆಂಕಿಯ ಚಿತ್ರದ ಪಕ್ಕ ಅಂಕಿ ಏರುತ್ತದೆ. 23ನೇ ದಿನ ಮಗನಿಗೆ ಜ್ವರ, ತಪ್ಪಿತು. ಮತ್ತೆ ಸೊನ್ನೆ. ಅವತ್ತೇ ತೆಗೆದುಹಾಕಿದೆ.

ನಮ್ಮಜ್ಜಿ ನಾಲ್ಕನೇ ಕ್ಲಾಸ್ ಓದಿದವರು. ಬೆಟಗೇರಿಯ ಮನೆಯಲ್ಲಿ ಒಲೆ ಹಚ್ಚುವ ಮುಂಚೆ ಒಂದು ಕೀರ್ತನೆ, ಮಲಗುವ ಮುಂಚೆ ಇನ್ನೊಂದು. ತಪ್ಪಿದ್ದು ನಾನು ನೋಡಿಲ್ಲ. ಅವರಿಗೆ ಇದ್ದದ್ದು ನನಗೆ ಏಕಿಲ್ಲ? ವಯಸ್ಸು 36, ದಾವಣಗೆರೆಯಲ್ಲಿ ಕೆಲಸ, ಇಬ್ಬರು ಮಕ್ಕಳು. ನಿಮ್ಮಲ್ಲಿ ನಿಜವಾಗಿ ನಡೆಸಿಕೊಂಡು ಬಂದವರು ಹೇಗೆ ಅಂತ ಹೇಳಿ. ಪ್ರಸಂಗ ಬೇಡ, ಅದು ಭಾನುವಾರ ಸಿಗುತ್ತದೆ.

ಹುಬ್ಬಳ್ಳಿ ಅಕ್ಕ

ತಮ್ಮಾ, ನಿನ್ನ ಪ್ರಶ್ನೆಯಲ್ಲೇ ಉತ್ತರ ಇದೆಯಲ್ಲೋ. ಅಜ್ಜಿ "ಐದು ಗಂಟೆಗೆ" ಅನ್ನಲಿಲ್ಲ, "ಒಲೆ ಹಚ್ಚುವ ಮುಂಚೆ" ಅಂದರು. ಒಲೆ ಹಚ್ಚದೆ ಯಾವ ದಿನ ಹೋಗುತ್ತದೆ ಹೇಳು. ನೀನು ಗಡಿಯಾರಕ್ಕೆ ಕಟ್ಟಿದ್ದೀ, ಅವರು ಒಲೆಗೆ ಕಟ್ಟಿದ್ದರು.

ಮತ್ತೆ ಮೂರು ಅಧ್ಯಾಯ ಏಕೆ? ನಾನು ಸತ್ಯವೇದದ ಜ್ಞಾನೋಕ್ತಿ ಪುಸ್ತಕದಲ್ಲಿ ದಿನಕ್ಕೊಂದು ಓದುತ್ತೇನೆ. 31 ಅಧ್ಯಾಯ ಇವೆ. ಇವತ್ತು ಐದನೇ ತಾರೀಖು, ಐದನೇ ಅಧ್ಯಾಯ. ನಿನ್ನೆ ತಪ್ಪಿತಾ? ತಪ್ಪಿತು ಬಿಡು, ಮುಂದಿನ ತಿಂಗಳು ನಾಲ್ಕನೇ ತಾರೀಖು ಬರುತ್ತದೆ. ಬಾಕಿ ಅನ್ನೋದೇ ಇಲ್ಲ. ಬಾಕಿ ಬೆಳೆದರೇನೇ ಮನುಷ್ಯ ಓಡಿಹೋಗೋದು, ಅಂಗಡಿ ಸಾಲದ ಹಾಗೆ.

ಕೃಪೆಯೇ ಸಾಕು

ಬ್ರದರ್, ಬೇಸರ ಮಾಡ್ಕೋಬೇಡಿ. ಇಷ್ಟೊಂದು ಲೆಕ್ಕ ಏಕೆ? ನಾವು ರಕ್ಷಣೆ ಹೊಂದಿದ್ದು ಕೃಪೆಯಿಂದ, ಕ್ರಿಯೆಗಳಿಂದಲ್ಲ. ಎಫೆಸದವರಿಗೆ ಬರೆದ ಪತ್ರ 2:8, 9. ಅಧ್ಯಾಯ ಎಣಿಸೋದು, ಗಂಟೆ ಎಣಿಸೋದು ಎಲ್ಲಾ ನಿಯಮ ಪಾಲಿಸಿ ಬೀಗುತ್ತಿದ್ದ ಫರಿಸಾಯರ ಕೆಲಸ. ಯೇಸು ಹೇಳಿದ ಕಥೆಯಲ್ಲಿ ವಾರಕ್ಕೆ ಎರಡು ಸಲ ಉಪವಾಸ ಮಾಡ್ತೀನಿ ಅಂತ ಹೇಳಿಕೊಂಡ ಫರಿಸಾಯ ನೀತಿವಂತನಾಗಿ ಮನೆಗೆ ಹೋಗಲಿಲ್ಲ, ಎದೆ ಬಡಿದುಕೊಂಡ ಸುಂಕದವನು ಹೋದ. ಮನಸ್ಸು ಬಂದಾಗ ಪ್ರಾರ್ಥಿಸಿ, ದೇವರು ಕೇಳ್ತಾರೆ.

ಹಳೇ ಸಂಡೇ ಸ್ಕೂಲ್ ಮೇಷ್ಟ್ರು

ಎಫೆಸದ 8, 9 ಓದಿದವರು 10ಕ್ಕೆ ಪುಸ್ತಕ ಮುಚ್ಚಬಾರದು. ಸತ್ಕ್ರಿಯೆಗಳನ್ನು ಮಾಡುವುದಕ್ಕಾಗಿ ಸೃಷ್ಟಿಯಾದವರು ಅನ್ನೋದು ಅಲ್ಲಿದೆ. ಮೂವತ್ತು ವರ್ಷ ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದೇನೆ. ಎಲ್ಲರೂ 9ರವರೆಗೆ ಗಟ್ಟಿಯಾಗಿ ಹೇಳಿ 10ಕ್ಕೆ ಗುಣುಗುತ್ತಾರೆ.

"ಮನಸ್ಸು ಬಂದಾಗ" ಅಂದಿರಿ. ತಿಮೊಥೆಯನಿಗೆ ಬರೆದ ಒಂದನೇ ಪತ್ರ 4:7ರಲ್ಲಿ ಅಪೊಸ್ತಲ ಪೌಲ ಭಕ್ತಿಯ ವಿಷಯದಲ್ಲಿ ಸಾಧನೆ ಮಾಡು ಅಂತಾನೆ. ಅಲ್ಲಿರುವ ಗ್ರೀಕ್ ಪದ "ಗುಮ್ನಾಜೋ". ಈಗಿನ ಹುಡುಗರು ತಿಂಗಳಿಗೆ ದುಡ್ಡು ಕಟ್ಟಿ ಹೋಗುವ ಜಿಮ್ ಹುಟ್ಟಿದ್ದು ಅದೇ ಬೇರಿನಿಂದ. ನಮ್ಮ ಮಾತಿನಲ್ಲಿ ಗರಡಿಮನೆ. ಗರಡಿಗೆ ಮನಸ್ಸು ಬಂದ ದಿನ ಮಾತ್ರ ಹೋದವನು ಎಂದಾದರೂ ಕುಸ್ತಿ ಗೆದ್ದಿದ್ದಾನಾ? ಕೊರಿಂಥದವರಿಗೆ ಬರೆಯುವಾಗಲೂ ಅವನು ಓಟ, ಮುಷ್ಟಿಯುದ್ಧದ ಮಾತನ್ನೇ ತಂದ. ಅವರ ಊರಿನ ಪಕ್ಕದಲ್ಲೇ ಎರಡು ವರ್ಷಕ್ಕೊಮ್ಮೆ ದೊಡ್ಡ ಆಟಗಳು ನಡೆಯುತ್ತಿದ್ದವು, ಗೆದ್ದವನ ತಲೆಗೆ ಎಲೆಯ ಕಿರೀಟ. ಬಾಡಿಹೋಗುವ ಆ ಕಿರೀಟಕ್ಕೇ ಅವರು ಅಷ್ಟು ಕಷ್ಟ ಪಡುವಾಗ ನಮಗೇನಾಗಿದೆ ಅನ್ನೋದು ಅವನ ಮಾತು.

ಆದರೆ ನಿಮ್ಮ ಫರಿಸಾಯನ ಮಾತು ನಿಜ. ಅವನ ತಪ್ಪು ಉಪವಾಸ ಅಲ್ಲ, ಪಕ್ಕದಲ್ಲಿ ನಿಂತವನನ್ನು ನೋಡಿದ್ದು. ನಾನೂ ಮಾಡಿದ್ದೇನೆ. ದೇವಾಲಯದಲ್ಲಿ ಯಾರು ತಡವಾಗಿ ಬಂದರು ಅಂತ ಕತ್ತು ಹೊರಳಿಸಿ ನೋಡುವ ಚಟ ನನಗೆ ಇನ್ನೂ ಹೋಗಿಲ್ಲ.

ಎಂಟು ಗಂಟೆಯ ತೆರ್ಸ್

ನಾವು ಮಂಗಳೂರು ಕಡೆಯ ಕ್ಯಾಥೊಲಿಕರು. ನಮ್ಮಲ್ಲಿ ಈ ಪ್ರಶ್ನೆಯೇ ಬೇರೆ ಥರ. ಒಬ್ಬೊಬ್ಬರೇ ಕೂತು ಮಾಡುವುದು ಕಮ್ಮಿ, ಮನೆಗೆ ಮನೆಯೇ ಕೂರುತ್ತದೆ. ರಾತ್ರಿ ಎಂಟಕ್ಕೆ ತೆರ್ಸ್, ಅಂದರೆ ಜಪಸರ. ಐದು ದಶಕ, ಅಂದರೆ ಹತ್ತು ಹತ್ತು ಮಣಿಯ ಐದು ಸುತ್ತು. ಶುರುವಿನ ಮೂರೂ ಸೇರಿ ಒಟ್ಟು 53 "ನಮೋ ಮರಿಯಾ" ಪ್ರಾರ್ಥನೆ, ಇಪ್ಪತ್ತು ನಿಮಿಷ. ಚಿಕ್ಕವರಿದ್ದಾಗ ಮೂರನೇ ದಶಕಕ್ಕೆ ತೂಕಡಿಕೆ ಬರುತ್ತಿತ್ತು. ಅಪ್ಪ ಜಪ ನಿಲ್ಲಿಸದೆ ಕಾಲಿನ ಹೆಬ್ಬೆರಳಿಂದ ತಿವಿಯುತ್ತಿದ್ದರು. ಮುಗಿದ ಮೇಲೆ ಹಿರಿಯರ ಮುಂದೆ ಕೈ ಮುಗಿದು "ಬೆಸಾಂವ್" ಕೇಳಬೇಕು, ಅಂದರೆ ಆಶೀರ್ವಾದ. ಮಧ್ಯಾಹ್ನ ಅಣ್ಣನ ಜೊತೆ ಹೊಡೆದಾಡಿ ಮಾತು ಬಿಟ್ಟಿದ್ದರೂ ರಾತ್ರಿ ಅವನಿಗೂ ಬೆಸಾಂವ್ ಕೇಳದೆ ಮಲಗುವ ಹಾಗಿರಲಿಲ್ಲ. ಸಿಟ್ಟು ಎಂಟೂವರೆ ದಾಟುತ್ತಿರಲಿಲ್ಲ.

ಈಗ ಆ ಅಣ್ಣ ಕುವೈತ್‌ನಲ್ಲಿದ್ದಾನೆ. ನಮ್ಮ ಎಂಟು ಗಂಟೆ ಅವನಿಗೆ ಐದೂವರೆ. ಡ್ಯೂಟಿ ಮುಗಿಸಿ ಗಾಡಿಯಲ್ಲೇ ಕೂತು ವಿಡಿಯೊ ಕಾಲ್‌ಗೆ ಬರುತ್ತಾನೆ. ನೆಟ್‌ವರ್ಕ್ ಎಳೆದಾಡಿ ನಾವು ಎರಡನೇ ದಶಕದಲ್ಲಿದ್ದರೆ ಅವನು ಇನ್ನೂ ಮೊದಲನೆಯದರಲ್ಲಿ ಇರುತ್ತಾನೆ. ಅಮ್ಮನಿಗೆ ಅದೇನೂ ಪರವಾಗಿಲ್ಲ. ಅವನ ಮುಖ ಕಂಡರೆ ಸಾಕು.

ಭಕ್ತಿ ಇದೆಯಾ ಅಂತ ಕೇಳಿದರೆ ಎಷ್ಟೋ ದಿನ ಇರುವುದಿಲ್ಲ. ನಾಲಗೆ ಹೇಳುತ್ತಿರುತ್ತದೆ, ತಲೆ ನಾಳೆಯ ಮೀನಿನ ಸಾರಿನಲ್ಲಿರುತ್ತದೆ. ಆದರೂ ಕೂರುತ್ತೇವೆ. ಅಪ್ಪ ತೀರಿಕೊಂಡ ವಾರ ನನಗೆ ಸ್ವಂತ ಮಾತಿನಲ್ಲಿ ಪ್ರಾರ್ಥನೆ ಮಾಡೋಕೆ ಆಗಲಿಲ್ಲ, ಬಾಯಿಯೇ ಬರಲಿಲ್ಲ. ಬಂದದ್ದು ಈ 53 ಮಾತ್ರ.

ರಾತ್ರಿ ಪಾಳಿ

ನಾನು ಸ್ಟಾಫ್ ನರ್ಸ್. ಐಸಿಯು. ತಿಂಗಳಲ್ಲಿ ಹತ್ತು ರಾತ್ರಿ ಪಾಳಿ. ನನಗೆ "ಮುಂಜಾನೆಯ ಪ್ರಾರ್ಥನೆ" ಅನ್ನೋ ಮಾತು ಕೇಳಿದರೆ ನಗು ಬರುತ್ತದೆ. ನನ್ನ ಮುಂಜಾನೆ ಯಾವುದು? ಆರಕ್ಕೆ ರಕ್ತ ತೆಗೆಯಬೇಕು, ಏಳಕ್ಕೆ ಹ್ಯಾಂಡೋವರ್, ಎಂಟಕ್ಕೆ ಬಸ್ಸಲ್ಲಿ ಬಾಯಿ ತೆರೆದು ನಿದ್ದೆ. ಹೀಗಾಗಿ ಎಷ್ಟೋ ವರ್ಷ ನಾನು ಅರ್ಧ ಕ್ರೈಸ್ತಳು ಅನ್ನೋ ಭಾವನೆಯಲ್ಲೇ ಇದ್ದೆ.

ಆಮೇಲೆ ಒಂದು ಸಿಕ್ಕಿತು. ಆಸ್ಪತ್ರೆಯಲ್ಲಿ ಸಿಂಕ್ ಮೇಲೆ ಚಾರ್ಟ್ ಅಂಟಿಸಿರುತ್ತಾರೆ. ಸೋಪು ಹಾಕಿ ಕೈ ತೊಳೆಯೋಕೆ 40ರಿಂದ 60 ಸೆಕೆಂಡ್ ಬೇಕು. ಅಂಗೈ, ಹಿಂಗೈ, ಬೆರಳ ಸಂದು, ಹೆಬ್ಬೆರಳು. ಮೊದಲು ಎಣಿಸುತ್ತಿದ್ದೆ. ಈಗ "ಪರಲೋಕದಲ್ಲಿರುವ ನಮ್ಮ ತಂದೆಯೇ" ಅಂತ ಶುರು ಮಾಡುತ್ತೇನೆ. ನಿಧಾನಕ್ಕೆ ಹೇಳಿದರೆ "ಆಮೆನ್" ಹೊತ್ತಿಗೆ ಮಣಿಕಟ್ಟು ತೊಳೆದು ಮುಗಿದಿರುತ್ತದೆ. ಒಂದು ಪಾಳಿಯಲ್ಲಿ ಎಷ್ಟು ಸಲ ಕೈ ತೊಳೆಯುತ್ತೇನೋ ಲೆಕ್ಕ ಇಲ್ಲ. ಒಂದೊಂದು ಸಲ ಒಂದೊಂದು ಸಾಲು ಹಿಡಿದುಕೊಳ್ಳುತ್ತದೆ. "ನಿನ್ನ ಚಿತ್ತವು ನೆರವೇರಲಿ" ಅಂದು ನಲ್ಲಿ ನಿಲ್ಲಿಸಿ ಏಳನೇ ಬೆಡ್ ಹತ್ತಿರ ಹೋಗೋದು ಸುಲಭ ಅಲ್ಲ.

ಹಳೇ ಸಂಡೇ ಸ್ಕೂಲ್ ಮೇಷ್ಟ್ರು

ಅಮ್ಮಾ, ನೀವು ಅರ್ಧ ಕ್ರೈಸ್ತಳಾದರೆ ನಾವೆಲ್ಲಾ ಕಾಲು ಭಾಗ. ಸಭೆ ಶುರುವಾದ ಕಾಲದ ಹಳೇ ಬೋಧನಾ ಪುಸ್ತಕ ಒಂದಿದೆ, ದಿದಾಖೆ ಅಂತ. ಬುಧವಾರ, ಶುಕ್ರವಾರ ಉಪವಾಸ ಮಾಡಿ, ನೀವು ಕೈ ತೊಳೆಯುವಾಗ ಹೇಳುವ ಆ ಕರ್ತನ ಪ್ರಾರ್ಥನೆಯನ್ನೇ ದಿನಕ್ಕೆ ಮೂರು ಸಲ ಹೇಳಿ ಅಂತ ಅದರಲ್ಲಿದೆ. ಮೂರೇ ಸಲ. ನೀವು ಅದನ್ನು ಯಾವತ್ತೋ ದಾಟಿದ್ದೀರಿ.

ಶುಕ್ರವಾರದ ಉಪವಾಸ

ಪ್ರೈಸ್ ದ ಲಾರ್ಡ್. ನಾನು ಬೆಂಗಳೂರು, ಪೆಂತೆಕೊಸ್ತ್ ಸಭೆ. ಉಪವಾಸದ ಸ್ವಂತ ಅನುಭವ ಯಾರೂ ಬರೆದಿಲ್ಲ ಅಂತ ಬರೆಯುತ್ತಿದ್ದೇನೆ. ಶುಕ್ರವಾರ ಬೆಳಗ್ಗೆ, ಮಧ್ಯಾಹ್ನ ಊಟ ಬಿಡುತ್ತೇನೆ, ಹತ್ತರಿಂದ ಎರಡರವರೆಗೆ ಸಭೆಯಲ್ಲಿ ಪ್ರಾರ್ಥನೆ. ಬದಲಾವಣೆ ಕಣ್ಣಾರೆ ಕಂಡಿದ್ದೇನೆ. ಮುಂಚೆ ಕುಡಿಯುತ್ತಿದ್ದೆ. ಹಸಿವನ್ನು ತಡೆಯೋಕೆ ಕಲಿತ ಮೇಲೆ ಸಂಜೆ ಆ ಅಂಗಡಿ ಮುಂದೆ ನಡೆದು ಹೋಗೋಕೆ ಕಲಿತೆ. ಎರಡೂ ಒಂದೇ ಶಕ್ತಿ ಅನ್ನೋದು ನನ್ನ ಅನುಭವ. ಆರು ವರ್ಷ ಆಯಿತು.

ಸಕ್ಕರೆ ಕಾಯಿಲೆಯವರ ಮಗಳು

ಬ್ರದರ್, ನಿಮ್ಮ ಸಾಕ್ಷಿಗೆ ಸ್ತೋತ್ರ. ಆದರೆ ಇನ್ನೊಂದು ಕಡೆಯನ್ನೂ ಹೇಳಲೇಬೇಕು.

ನಾವು ಹೋಗುತ್ತಿದ್ದ ಒಂದು ಸಭೆಯಲ್ಲಿ 21 ದಿನದ ಉಪವಾಸ ಇಟ್ಟರು. ಯಾರು ಎಷ್ಟು ದಿನ ಮಾಡಿದರು ಅಂತ ವೇದಿಕೆಯಲ್ಲಿ ಕೈ ಎತ್ತಿಸುತ್ತಿದ್ದರು. ಅಮ್ಮನಿಗೆ ಶುಗರ್, ಇನ್ಸುಲಿನ್ ತಗೋತಾರೆ. ಕೈ ಎತ್ತದೆ ಕೂರೋಕೆ ನಾಚಿಕೆ ಆಗಿ ಅವರೂ ಶುರು ಮಾಡಿದರು, ನನಗೆ ಹೇಳದೆ. ನಾಲ್ಕನೇ ದಿನ ಬಚ್ಚಲಲ್ಲಿ ಬಿದ್ದಿದ್ದರು. ಮೈಯೆಲ್ಲಾ ಬೆವರು. ಪಕ್ಕದ ಮನೆಯವರು ಬಾಯಿಗೆ ಸಕ್ಕರೆ ನೀರು ಹಾಕಿದ್ದರಿಂದ ಉಳಿದರು. ಆಮೇಲೆ "ನಂಬಿಕೆ ಕಮ್ಮಿ ಇತ್ತು" ಅಂತ ಒಬ್ಬರು ನಮ್ಮ ಮನೆಗೇ ಬಂದು ಹೇಳಿದರು. ಕಾಫಿ ಕೊಟ್ಟು ಕಳಿಸಿದೆ. ಕೊಟ್ಟಿದ್ದಕ್ಕೆ ಇವತ್ತಿಗೂ ಬೇಜಾರಿದೆ.

ಇನ್ಸುಲಿನ್ ತಗೊಳ್ಳುವವರು ಡಾಕ್ಟರ್ ಹತ್ತಿರ ಕೇಳದೆ ಊಟ ಬಿಡಬೇಡಿ. ಉಪವಾಸ ಅಂದರೆ ಊಟವೇ ಆಗಬೇಕು ಅಂತಿಲ್ಲ. ಪ್ರವಾದಿ ಯೆಶಾಯನ ಪುಸ್ತಕದ 58ನೇ ಅಧ್ಯಾಯ ಓದಿ. ಹಸಿದವನಿಗೆ ಅನ್ನ ಹಂಚೋದು, ಕಟ್ಟಿದ ನೊಗ ಬಿಚ್ಚೋದು, ಅದನ್ನೇ ಅಲ್ಲಿ ಉಪವಾಸ ಅಂತಾನೆ.

ಎಂಟು ಗಂಟೆಯ ತೆರ್ಸ್

ನಮ್ಮಲ್ಲಿ ಇದಕ್ಕೆ ಬರೆದಿಟ್ಟ ನಿಯಮವೇ ಇದೆ. ಬೂದಿ ಬುಧವಾರ, ಶುಭ ಶುಕ್ರವಾರ ಎರಡೇ ದಿನ ಕಡ್ಡಾಯ ಉಪವಾಸ. ಅದೂ 18 ತುಂಬಿದವರಿಂದ 59ರವರೆಗೆ. ಒಂದು ಪೂರ್ತಿ ಊಟ, ಎರಡು ಸಣ್ಣ ಊಟ ಮಾಡಬಹುದು. ರೋಗಿಗಳಿಗೆ, ಬಸುರಿಯರಿಗೆ ವಿನಾಯಿತಿ. ಆದರೂ ನಮ್ಮ ಅಜ್ಜಿ 82ನೇ ವಯಸ್ಸಲ್ಲೂ ಕದ್ದು ಉಪವಾಸ ಮಾಡುತ್ತಿದ್ದರು, ಅದು ಬೇರೆ ಮಾತು. ಗುರುಗಳು ಬೈದರೂ ಕೇಳಲಿಲ್ಲ.

ಡಬ್ಬಿ ಕಟ್ಟುವವಳು

ಇಷ್ಟು ದಿನ ಸುಮ್ನೆ ಓದುತ್ತಿದ್ದೆ. ಇವತ್ತು ಬರೆಯುತ್ತೇನೆ. ಯಾರಿಗಾದರೂ ಚುಚ್ಚಿದರೆ ಚುಚ್ಚಲಿ.

ನಮ್ಮ ಯಜಮಾನರು ತುಂಬಾ ಶಿಸ್ತಿನ ಮನುಷ್ಯ. ಬೆಳಗ್ಗೆ ನಾಲ್ಕೂವರೆಗೆ ಎದ್ದು ಮುಂದಿನ ರೂಮಿನ ಬಾಗಿಲು ಹಾಕಿಕೊಂಡು ಒಂದೂವರೆ ಗಂಟೆ ಪ್ರಾರ್ಥನೆ, ವಾಕ್ಯಧ್ಯಾನ. ಹದಿನಾಲ್ಕು ವರ್ಷದಿಂದ ಒಂದು ದಿನ ತಪ್ಪಿಸಿಲ್ಲ. ಸಭೆಯಲ್ಲಿ ಎಲ್ಲರೂ ಹೊಗಳುತ್ತಾರೆ. ಅಯ್ಯನವರು ಪ್ರಸಂಗದಲ್ಲೇ ಹೇಳಿದ್ದಾರೆ, ಇವರನ್ನು ನೋಡಿ ಕಲಿಯಿರಿ ಅಂತ.

ಅದೇ ಒಂದೂವರೆ ಗಂಟೆಯಲ್ಲಿ ಬಾಗಿಲ ಈಚೆ ಏನು ನಡೆಯುತ್ತದೆ ಹೇಳಲಾ? ನಾಲ್ಕೂಮುಕ್ಕಾಲಿಗೆ ನಲ್ಲಿ ಬರುತ್ತದೆ, ಎರಡು ಡ್ರಮ್ ತುಂಬಿಸಬೇಕು. ಕುಕ್ಕರ್ ಇಡಬೇಕು, ಆದರೆ ಸೀಟಿ ಜೋರಾಗಿ ಹೊಡೆಯಬಾರದು. ಚಿಕ್ಕವಳು ಅತ್ತರೆ ಎತ್ತಿಕೊಂಡು ಹಿತ್ತಲಿಗೆ ಹೋಗಬೇಕು. ಮೂರು ಡಬ್ಬಿ. ದೊಡ್ಡವನಿಗೆ ಚಿತ್ರಾನ್ನದಲ್ಲಿ ಕಡಲೆಬೀಜ ಬೇಡ, ಇವರಿಗೆ ಬೇಕು. ಯೂನಿಫಾರ್ಮ್ ಇಸ್ತ್ರಿ. ಅತ್ತೆಯ ಬಿಸಿನೀರು, ಮಾತ್ರೆ. ಆರು ಗಂಟೆಗೆ ಬಾಗಿಲು ತೆರೆಯುತ್ತದೆ, ಮುಖದಲ್ಲಿ ಶಾಂತಿ ಇಟ್ಟುಕೊಂಡು ಬರುತ್ತಾರೆ. "ನೀನೂ ಸ್ವಲ್ಪ ಹೊತ್ತು ಕರ್ತನ ಸನ್ನಿಧಿಯಲ್ಲಿ ಕೂತರೆ ಈ ಸಿಡಿಮಿಡಿ ಹೋಗುತ್ತೆ" ಅಂತಾರೆ.

ಕೆಲಸದಲ್ಲೇ ಮುಳುಗಿದ ಮಾರ್ಥ, ಯೇಸುವಿನ ಪಾದದ ಬಳಿ ಕೂತು ಕೇಳಿದ ಮರಿಯ, ಇವರ ಕಥೆಯನ್ನು ಮಾತ್ರ ಯಾರೂ ನನಗೆ ಹೇಳಬೇಡಿ. ಆ ದಿನ ಮಾರ್ಥಳ ಅಡುಗೆ ಯಾರು ಉಂಡರು ಅಂತ ನನಗೆ ಇವತ್ತಿಗೂ ಅನುಮಾನ.

ಅವರು ಕೆಟ್ಟವರಲ್ಲ. ಕುಡಿಯಲ್ಲ, ಕೈ ಎತ್ತಲ್ಲ, ಸಂಬಳ ತಂದು ಕೊಡುತ್ತಾರೆ. ಆದರೆ ಆ ಬಾಗಿಲು ಹಾಕಿಕೊಂಡಿರುವ ಒಂದೂವರೆ ಗಂಟೆ ಅವರದಾ ನನ್ನದಾ? ಇದನ್ನು ಯಾರ ಹತ್ತಿರ ಕೇಳಬೇಕು ಅಂತ ಗೊತ್ತಾಗದೆ ಇಲ್ಲಿ ಕೇಳುತ್ತಿದ್ದೇನೆ.

ರಾತ್ರಿ ಪಾಳಿ

ಅಕ್ಕಾ, ಕುಕ್ಕರ್ ಸೀಟಿ ಮೆಲ್ಲಗೆ ಹೊಡೆಯಬೇಕು ಅನ್ನೋದನ್ನು ಓದಿ ಎರಡು ನಿಮಿಷ ಸುಮ್ಮನೆ ಕೂತುಬಿಟ್ಟೆ.

ಸೆಮಿನರಿ ಬಿಟ್ಟವನು

ನಾನು ಪಾದ್ರಿಯಾಗಲು ನಾಲ್ಕು ವರ್ಷ ಸೆಮಿನರಿಯಲ್ಲಿ ಓದಿ ಹೊರಗೆ ಬಂದವನು. ಈಗ ಮದುವೆ ಆಗಿದೆ, ಒಬ್ಬಳು ಮಗಳು. ಅಲ್ಲಿ ಓದಿದ ಒಂದು ವಿಷಯ ಈ ಅಕ್ಕನಿಗೆ ಬೇಕು ಅನ್ನಿಸಿತು.

ಆರನೇ ಶತಮಾನದಲ್ಲಿ ಇಟಲಿಯಲ್ಲಿ ಬೆನೆಡಿಕ್ಟ್ ಅನ್ನುವ ಸಂತ ಸನ್ಯಾಸಿಗಳಿಗೆ ಒಂದು ನಿಯಮಾವಳಿ ಬರೆದ. ಶಿಸ್ತು ಅಂದರೆ ಅದು. ಹಗಲಲ್ಲಿ ಏಳು ಸಲ, ರಾತ್ರಿ ಎದ್ದು ಇನ್ನೊಂದು ಸಲ ಪ್ರಾರ್ಥನೆ. ವಾರಕ್ಕೆ 150 ಕೀರ್ತನೆ ಮುಗಿಯಲೇಬೇಕು. ಪ್ರಾರ್ಥನೆಯ ಗಂಟೆ ಕೇಳಿಸಿದರೆ ಕೈಯಲ್ಲಿರುವುದನ್ನು ಅಲ್ಲೇ ಬಿಟ್ಟು ಬರಬೇಕು. ನಿಮ್ಮ ಯಜಮಾನರಿಗೆ ತುಂಬಾ ಇಷ್ಟವಾಗುವ ಪುಸ್ತಕ.

ಅದರಲ್ಲೇ 35ನೇ ಅಧ್ಯಾಯ ಇದೆ. ಅಡುಗೆಮನೆಯ ಸರದಿ. ಸಹೋದರರು ಒಬ್ಬರಿಗೊಬ್ಬರು ಸೇವೆ ಮಾಡಬೇಕು, ಕಾಯಿಲೆ ಬಿದ್ದವರನ್ನೋ ಮುಖ್ಯ ಕೆಲಸದಲ್ಲಿ ಇರುವವರನ್ನೋ ಬಿಟ್ಟರೆ ಯಾರಿಗೂ ಅಡುಗೆಮನೆಯಿಂದ ಬಿಡುಗಡೆ ಇಲ್ಲ. ವಾರ ಮುಗಿಸಿದವನು ಕೈ ಒರೆಸುವ ಬಟ್ಟೆಗಳನ್ನು ಒಗೆದಿಟ್ಟು, ಪಾತ್ರೆಗಳನ್ನು ಸ್ವಚ್ಛವಾಗಿ ಒಪ್ಪಿಸಿ, ಮುಂದಿನ ವಾರದವನ ಜೊತೆ ಸೇರಿ ಎಲ್ಲರ ಕಾಲು ತೊಳೆಯಬೇಕು. 31ನೇ ಅಧ್ಯಾಯದಲ್ಲಿ ಉಗ್ರಾಣದವನಿಗೆ ಇನ್ನೊಂದು ಮಾತು: ಮಠದ ಪಾತ್ರೆ ಸಾಮಾನುಗಳನ್ನೆಲ್ಲಾ ಬಲಿಪೀಠದ ಪವಿತ್ರ ಪಾತ್ರೆಗಳ ಹಾಗೆ ನೋಡಬೇಕು. ಅಂದರೆ ನಿಮ್ಮ ಚಿತ್ರಾನ್ನದ ಬಾಣಲೆ ಮತ್ತು ಪೂಜೆಯ ಪಾನಪಾತ್ರೆ ಒಂದೇ ಸಾಲಿನಲ್ಲಿ.

ಸೆಮಿನರಿಯಲ್ಲಿ ಇದನ್ನು ಪರೀಕ್ಷೆಗೆ ಓದಿದೆ, ಹೊರಗೆ ಬಂದೂ ಅರ್ಥ ಆಗಿರಲಿಲ್ಲ. ಮಗಳು ಹುಟ್ಟಿದ ಮೇಲೆ ಹೆಂಡತಿ ಒಂದು ದಿನ ಅಳುತ್ತಾ ಬಕೆಟ್ ಕುಕ್ಕಿದಾಗ ಆಯಿತು. ಈಗ ಬೆಳಗಿನ ನೀರು, ಪಾತ್ರೆ ನನ್ನದು. ಕೀರ್ತನೆಯನ್ನು ಪಾತ್ರೆ ತಿಕ್ಕುವಾಗಲೇ ಹೇಳುತ್ತೇನೆ. ಮಧ್ಯೆ ಮಧ್ಯೆ ಸಾಲು ಮರೆಯುತ್ತದೆ.

ಹುಬ್ಬಳ್ಳಿ ಅಕ್ಕ

ತಂಗೀ, ನಾಳೆ ಬೆಳಗ್ಗೆ ಆ ಬಾಗಿಲು ತಟ್ಟಿ ಮಗೂನ ಅವರ ತೊಡೆ ಮೇಲೆ ಕೂರಿಸಿ ಬಾ. "ಚಿಕ್ಕ ಮಕ್ಕಳನ್ನು ನನ್ನ ಹತ್ತಿರಕ್ಕೆ ಬರಗೊಡಿಸಿರಿ" ಅಂತ ವಾಕ್ಯ ಇದೆಯಲ್ಲ, ಅದನ್ನೂ ಹೇಳಿ ಬಾ.

ಬೀದರ್ ಮಾವ

ಹುಬ್ಬಳ್ಳಿ ಅಕ್ಕನವರ ಮಾತಿಗೆ ನನ್ನ ಎರಡು ಓಟು.

ನಾವು ಮೆಥೋಡಿಸ್ಟ್ ಸಭೆಯವರು. ನಮ್ಮ ಹೆಸರೇ ಶಿಸ್ತಿನ ಗೇಲಿಯಿಂದ ಬಂದದ್ದು. 1729ರ ಹೊತ್ತಿಗೆ ಆಕ್ಸ್‌ಫರ್ಡ್‌ನಲ್ಲಿ ಜಾನ್ ವೆಸ್ಲಿ, ಚಾರ್ಲ್ಸ್ ವೆಸ್ಲಿ, ಇನ್ನು ಕೆಲವು ಹುಡುಗರು ಹೊತ್ತಿಗೆ ಸರಿಯಾಗಿ ಪ್ರಾರ್ಥನೆ, ಉಪವಾಸ, ಜೈಲಿನವರ ಭೇಟಿ ಅಂತ ಇಟ್ಟುಕೊಂಡಿದ್ದರು. ಉಳಿದವರು "ಎಲ್ಲಾ ಮೆಥಡ್ ಪ್ರಕಾರ ಮಾಡುವವರು" ಅಂತ ನಕ್ಕರು. ಹೆಸರು ಅಂಟಿಕೊಂಡಿತು.

ಆದರೆ ಹೇಳಬೇಕಾದದ್ದು 1742ರ ವಿಷಯ. ಬ್ರಿಸ್ಟಲ್‌ನಲ್ಲಿ ಪ್ರಾರ್ಥನಾ ಮಂದಿರದ ಕಟ್ಟಡದ ಸಾಲ ಇತ್ತು. ತೀರಿಸೋದು ಹೇಗೆ? ಒಬ್ಬ ಕ್ಯಾಪ್ಟನ್ ಎದ್ದು ಹೇಳಿದ: ಪ್ರತಿಯೊಬ್ಬರೂ ವಾರಕ್ಕೊಂದು ಪೆನ್ನಿ ಕೊಡಲಿ. ಬಡವರು ಕೊಡಲಾಗದಿದ್ದರೆ? ಹನ್ನೊಂದು ಜನರನ್ನು ನನಗೆ ಒಪ್ಪಿಸಿ, ವಾರ ವಾರ ಹೋಗಿ ಕೇಳುತ್ತೇನೆ, ಅವರಿಗೆ ಆಗದಿದ್ದರೆ ನಾನೇ ಹಾಕುತ್ತೇನೆ. ಹೀಗೆ ಹನ್ನೆರಡು ಜನರ ಗುಂಪುಗಳಾದವು. ಪೆನ್ನಿ ಕೇಳೋಕೆ ಮನೆಗೆ ಹೋದವರಿಗೆ ಮನೆಯ ಕಥೆ ಕಾಣಿಸಿತು. ಒಬ್ಬ ಕುಡಿದು ಬಿದ್ದಿದ್ದಾನೆ, ಇನ್ನೊಬ್ಬ ಹೆಂಡತಿ ಜೊತೆ ಜಗಳ. ವೆಸ್ಲಿಗೆ ಹೊಳೆಯಿತು, ಬೇಕಾಗಿದ್ದುದು ಇದೇ ಅಂತ. ಸಾಲ ವಸೂಲಿ ಮಾಡೋಕೆ ಹುಟ್ಟಿದ್ದು ಆತ್ಮದ ಕ್ಷೇಮ ವಿಚಾರಿಸುವ ಕ್ಲಾಸ್ ಮೀಟಿಂಗ್ ಆಯಿತು.

ಬೆಟಗೇರಿ ತಮ್ಮನಿಗೆ ನಾನು ಹೇಳೋದು, ನಿನ್ನ ತೊಂದರೆ ಯಾಜಕಕಾಂಡ ಅಲ್ಲ. ನೀನು ಓದೋದು ನಿಲ್ಲಿಸಿದ್ದು ಯಾರಿಗೂ ಗೊತ್ತಾಗಲ್ಲ, ಅದು ತೊಂದರೆ. ನಾವು ಏಳು ಜನ ಮಂಗಳವಾರ ರಾತ್ರಿ ಒಬ್ಬರ ಟೈರ್ ಅಂಗಡಿಯಲ್ಲಿ ಶಟರ್ ಅರ್ಧ ಎಳೆದು ಕೂರುತ್ತೇವೆ. ಪ್ರಸಂಗ ಇಲ್ಲ, ಹಾಡಿಲ್ಲ. ಈ ವಾರ ಯಾರ ಮೇಲೆ ಕೂಗಾಡಿದೆ? ದುಡ್ಡು ಎಲ್ಲಿ ಹೋಯಿತು? ಮನೆಯವರಿಗೆ ಏನು ಕೆಲಸ ಮಾಡಿಕೊಟ್ಟೆ? ಇಷ್ಟೇ. ಒಬ್ಬ ಬರಲಿಲ್ಲ ಅಂದರೆ ಇಬ್ಬರು ಅವನ ಮನೆಗೆ ಹೋಗುತ್ತೇವೆ. ಮೂರನೇ ಪ್ರಶ್ನೆ ಬಂದ ಮೇಲೆ ನಾನು ಜೋಳದ ರೊಟ್ಟಿ ಬಡಿಯೋಕೆ ಕಲಿತೆ. ನನ್ನ ರೊಟ್ಟಿ ಕರ್ನಾಟಕದ ನಕ್ಷೆಯ ಹಾಗೆ ಬರುತ್ತದೆ, ಆದರೂ ತಿನ್ನುತ್ತಾರೆ.

ದುಡ್ಡಿನ ಮಾತು ಬಂತಲ್ಲ. ವೆಸ್ಲಿಗೆ ಒಂದು ವರ್ಷ 30 ಪೌಂಡ್ ಬಂತು, 28ರಲ್ಲಿ ಬದುಕಿ 2 ದಾನ ಮಾಡಿದ. ಮರುವರ್ಷ 60 ಬಂತು. ಆಗಲೂ 28ರಲ್ಲೇ ಬದುಕಿ 32 ಕೊಟ್ಟ. ಅದರ ಮರುವರ್ಷ 90. ಖರ್ಚು 28. ನಾವು ದಶಮಾಂಶ, ಅಂದರೆ ಸಭೆಗೆ ಕೊಡುವ ಹತ್ತರಲ್ಲೊಂದು ಪಾಲು, ಗ್ರಾಸ್ ಸಂಬಳದ ಮೇಲಾ, ಕೈಗೆ ಬಂದದ್ದರ ಮೇಲಾ ಅಂತ ಗಂಟೆಗಟ್ಟಲೆ ವಾದ ಮಾಡುತ್ತೇವೆ.

ಕೃಪೆಯೇ ಸಾಕು

ಮಾವ, ಆ ಟೈರ್ ಅಂಗಡಿ ಥರ ಬೆಂಗಳೂರಲ್ಲಿ ಎಲ್ಲಾದರೂ ಇದ್ದರೆ ಹೇಳಿ. ನಾನು ಮೇಲೆ ಬರೆದದ್ದನ್ನು ವಾಪಸ್ ತಗೊಳ್ಳುತ್ತಿಲ್ಲ. ಆದರೆ ನನ್ನ ಮನೆಗೆ ಬಂದು ಕೇಳುವವರು ಯಾರೂ ಇಲ್ಲ ಅನ್ನೋದು ನಿಜ.

ಶುಕ್ರವಾರದ ಉಪವಾಸ

ಬ್ರದರ್, ಯಾವ ಏರಿಯಾ ಅಂತ ಮೆಸೇಜ್ ಮಾಡಿ. ನಾವು ಇಬ್ಬರಾದರೂ ಆಯಿತು.

ಸ್ಟುಟ್‌ಗಾರ್ಟ್ ಸೊಸೆ

ಮಂಗಳೂರಲ್ಲಿ ಹುಟ್ಟಿ ಸಿಎಸ್‌ಐ ಶಾಂತಿ ದೇವಾಲಯದ ಸಂಡೇ ಸ್ಕೂಲಲ್ಲಿ ಬೆಳೆದವಳು, ಈಗ ಜರ್ಮನಿಯಲ್ಲಿದ್ದೇನೆ. 1843ರಲ್ಲಿ ಮಂಗಳೂರ ಸಮಾಚಾರ ಪತ್ರಿಕೆ ಹೊರಡಿಸಿದ ಪಾದ್ರಿ ಮೊಗ್ಲಿಂಗ್ ಹುಟ್ಟಿದ ಊರು ಬ್ರಾಕನ್‌ಹೈಮ್ ಇಲ್ಲಿಂದ ದೂರವಿಲ್ಲ. ಅಲ್ಲಿಂದ ಅವರು ನಮ್ಮೂರಿಗೆ ಬಂದರು, ನಾನು ನಮ್ಮೂರಿಂದ ಇಲ್ಲಿಗೆ ಬಂದೆ. ಚಳಿಗಾಲದಲ್ಲಿ ಇದನ್ನು ಯೋಚಿಸಿದರೆ ಅವರದೇ ಬುದ್ಧಿವಂತಿಕೆ ಅನ್ನಿಸುತ್ತದೆ.

ಇಲ್ಲಿ ಅತ್ತೆ ಊಟದ ಮೇಜಿನ ಮೇಲೆ ಒಂದು ಪುಟ್ಟ ನೀಲಿ ಪುಸ್ತಕ ಇಡುತ್ತಾರೆ. ಹೆರ್ನ್‌ಹೂಟ್ ಅನ್ನುವ ಊರಿನ ಮೊರಾವಿಯನ್ ಸಭೆಯದ್ದು. 1728ರಲ್ಲಿ ಅಲ್ಲಿ ದಿನಕ್ಕೊಂದು ವಚನವನ್ನು ಮನೆಮನೆಗೆ ಹೋಗಿ ಹೇಳುವ ರೂಢಿ ಶುರುವಾಯಿತು, 1731ರಿಂದ ಅಚ್ಚಾಗುತ್ತಿದೆ. ಹಳೇ ಒಡಂಬಡಿಕೆಯ ವಚನವನ್ನು ಈಗಲೂ ಚೀಟಿ ಎತ್ತಿಯೇ ಆರಿಸುತ್ತಾರೆ, ಅದಕ್ಕೆ ಹೊಂದುವ ಹೊಸ ಒಡಂಬಡಿಕೆಯ ವಚನವನ್ನು ಹುಡುಕಿ ಸೇರಿಸುತ್ತಾರೆ. ನಮ್ಮ ವಾಗ್ದಾನದ ಚೀಟಿಯೇ, ಆದರೆ ಮುಂಚಿತವಾಗಿ, ಎಲ್ಲರಿಗೂ ಒಂದೇ. ಎರಡೇ ವಚನ, ಒಂದು ನಿಮಿಷ. ಅತ್ತೆ ಓದುತ್ತಾರೆ, ಮಾವ ಬ್ರೆಡ್‌ಗೆ ಬೆಣ್ಣೆ ಹಚ್ಚುತ್ತಾ ಕೇಳುತ್ತಾರೆ. ಮೊದಮೊದಲು ಇದೇನು ಇಷ್ಟೇನಾ ಅನ್ನಿಸುತ್ತಿತ್ತು.

ಬೆಟಗೇರಿ ಮೊಮ್ಮಗ
ಫೆಬ್ರವರಿ 11

ಇಷ್ಟು ಜನ ಬರೆಯುತ್ತೀರಿ ಅಂದುಕೊಂಡಿರಲಿಲ್ಲ. ಎಲ್ಲಾ ಎರಡು ಸಲ ಓದಿದೆ. ಡಬ್ಬಿ ಕಟ್ಟುವ ಅಕ್ಕನ ಬರಹವನ್ನು ಹೆಂಡತಿಗೆ ಓದಿ ಹೇಳಿದೆ. ಪೂರ್ತಿ ಕೇಳಿ "ಸೀಟಿ ವಿಷಯ ನಾನೂ ಹೇಳಬೇಕಂತಿದ್ದೆ" ಅಂದಳು. ನಾನು ಐದಕ್ಕೆ ಎದ್ದದ್ದು ವರ್ಷಕ್ಕೆ ಮೂವತ್ತು ದಿನ, ಅಷ್ಟಕ್ಕೇ ಹೀಗೆ.

ಈಗ ಐದು ಗಂಟೆ ಬಿಟ್ಟೆ. ಬೆಳಗ್ಗೆ ಹಾಲು ಕಾಯಿಸೋದು ನನ್ನ ಕೆಲಸ ಅಂತ ಆಗಿದೆ. ಹಾಲು ಉಕ್ಕುವವರೆಗೆ ಒಲೆ ಮುಂದೆ ನಿಂತೇ ಒಂದು ಅಧ್ಯಾಯ. ಎರಡು ಸಲ ಉಕ್ಕಿ ಚೆಲ್ಲಿದೆ. ಆ ಎರಡೂ ದಿನ ಯೋಸೇಫನ ಕಥೆ ನಡೆಯುತ್ತಿತ್ತು, ಕ್ಷಮೆ ಇರಲಿ. ದಿನಕ್ಕೊಂದೇ ಆದ್ದರಿಂದ ಇನ್ನೂ ಆದಿಕಾಂಡದಲ್ಲೇ ಇದ್ದೇನೆ. ಲೆಕ್ಕದ ಪ್ರಕಾರ ಪೂರ್ತಿ ಮುಗಿಯೋಕೆ ಮೂರು ವರ್ಷದ ಮೇಲೆ ಬೇಕು.

ಮೊನ್ನೆ ತಡೆಯಲಾರದೆ ಮುಂದೆ ಹಾರಿ ಯಾಜಕಕಾಂಡ ತೆರೆದೆ. ಎಲ್ಲಿ ಸಿಕ್ಕಿಬೀಳುತ್ತಿದ್ದೆನೋ ಅದನ್ನು ದಾಟಿ 19ನೇ ಅಧ್ಯಾಯ. ಹೊಲ ಕೊಯ್ಯುವಾಗ ಅಂಚಿನವರೆಗೂ ಪೂರ್ತಿ ಕೊಯ್ಯಬೇಡಿ, ಬಿದ್ದ ತೆನೆ ಆರಿಸಬೇಡಿ, ಬಡವರಿಗೂ ಪರದೇಶದವರಿಗೂ ಬಿಡಿ ಅಂತ ಅಲ್ಲಿದೆ. ಇಷ್ಟು ವರ್ಷ ಇದರ ಹತ್ತಿರ ಹತ್ತಿರ ಬಂದು ವಾಪಸ್ ಹೋಗುತ್ತಿದ್ದೆ.

ತಕ್ಷಣ ಅಜ್ಜಿಯ ಹಿಡಿ ಅಕ್ಕಿ ನೆನಪಾಯಿತು. ಅನ್ನಕ್ಕೆ ಅಕ್ಕಿ ಅಳೆದ ಮೇಲೆ ಅದರಿಂದಲೇ ಒಂದು ಹಿಡಿ ತೆಗೆದು ಬೇರೆ ಡಬ್ಬಿಗೆ ಹಾಕುತ್ತಿದ್ದರು. ಡಬ್ಬಿ ತುಂಬಿದ ಭಾನುವಾರ ಸೆರಗಲ್ಲಿ ಮುಚ್ಚಿಕೊಂಡು ಸಭೆಗೆ ಒಯ್ಯುತ್ತಿದ್ದರು. ಮನೆಯಲ್ಲಿ ಅಕ್ಕಿ ಕಮ್ಮಿ ಇದ್ದ ದಿನವೂ ಹಿಡಿ ಹಿಡಿಯೇ. ಅಮ್ಮ ಗೊಣಗಿದರೆ "ಅದು ನಮ್ಮದಲ್ಲ, ಎಣಿಸಬೇಡ" ಅನ್ನುತ್ತಿದ್ದರು. ಮಿಜೋರಾಂನಲ್ಲೂ ಹೆಂಗಸರು 1910ರಿಂದ ಇದನ್ನೇ ಮಾಡಿಕೊಂಡು ಬಂದಿದ್ದಾರೆ ಅಂತ ಎಲ್ಲೋ ಓದಿದ್ದೆ. ಅಲ್ಲಿ ಎಷ್ಟೋ ಸಭೆ ಕೆಲಸಗಳು ಆ ಹಿಡಿ ಅಕ್ಕಿಯಿಂದಲೇ ನಡೆಯುತ್ತವಂತೆ.

ನಾವೂ ಶುರು ಮಾಡಿದ್ದೇವೆ. ಹಾಕೋದು ಮಗನ ಕೆಲಸ. ಅವನ ಹಿಡಿ ಚಿಕ್ಕದು, ಅದಕ್ಕೆ ಎರಡು ಹಾಕುತ್ತಾನೆ. ಒಂದೇ ತೊಂದರೆ, ನಮ್ಮಲ್ಲಿ ರಾತ್ರಿ ಅನ್ನ ಇಲ್ಲ, ಚಪಾತಿ. ಆಗ ಏನು ಮಾಡೋದು? ಹಿಟ್ಟು ಹಾಕಬಹುದಾ?

ಡಬ್ಬಿ ಕಟ್ಟುವವಳು

ತಮ್ಮಾ, ನಿನ್ನ ಹೆಂಡತಿಗೆ ನನ್ನ ವಂದನೆ ಹೇಳು. ನಮ್ಮನೆ ಸುದ್ದಿ ಕೇಳುವವರಿಗೆ: ಬಾಗಿಲು ಈಗಲೂ ಹಾಕುತ್ತಾರೆ. ಆದರೆ ನೀರು ತುಂಬಿಸಿ ಹಾಕುತ್ತಾರೆ. ಚಿಕ್ಕವಳು ಒಳಗೇ ಇರುತ್ತಾಳೆ. ನಿನ್ನೆ ಅವಳು ಸತ್ಯವೇದದ ಮೇಲೆ ಕ್ರೆಯಾನ್ ಎಳೆದಿದ್ದಾಳೆ, ಕೊನೆಯ ಪುಸ್ತಕ ಪ್ರಕಟನೆಯ ಮೊದಲ ಪುಟ ಪೂರ್ತಿ ಹಸಿರು.

ಹುಬ್ಬಳ್ಳಿ ಅಕ್ಕ

ಹಿಟ್ಟು ಬೇಡವೋ, ಬೇಗ ಹುಳ ಬೀಳುತ್ತದೆ. ಚಪಾತಿ ಮಾಡಿದ ದಿನವೂ ಅಕ್ಕಿಯನ್ನೇ ಹಾಕು. ಡಬ್ಬಿಗೆ ನಾಲ್ಕು ಒಣಗಿದ ಬೇವಿನೆಲೆ ಹಾಕಿಡು, ಮುಚ್ಚಳ ಗಟ್ಟಿ ಇರಲಿ. ಒದ್ದೆ ಕೈ ಹಾಕಬೇಡ ಅಂತ ಹುಡುಗನಿಗೆ ಹೇಳು.